‘ಕೋಂ’ ಹಿಂದಿನ ಹೆಸರು: ಮತದಾರರ ಪಟ್ಟಿ ಕಾಯುವ ಹೆಣ್ಣುಮಕ್ಕಳು

ಮಂಡ್ಯ ಸೀಮೆಯ ಹಳೆಯ ಕ್ರಯಪತ್ರ ಬಿಡಿಸಿದರೆ ಗಂಡಸಿನ ಹೆಸರಿನ ಬೆನ್ನಿಗೆ ‘ಬಿನ್’ (ಇಂಥವರ ಮಗ) ಇರುತ್ತದೆ, ಹೆಂಗಸಿನ ಹೆಸರಿನ ಬೆನ್ನಿಗೆ ‘ಕೋಂ’ (ಇಂಥವರ ಹೆಂಡತಿ). ಪುಟ್ಟಮ್ಮ ಕೋಂ ಸಿದ್ದೇಗೌಡ. ಇಲ್ಲಿ ಪುಟ್ಟಮ್ಮ ಅನ್ನುವ ಹೆಸರಾದರೂ ಇದೆ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ಉತ್ತರದ ಹಲವು ರಾಜ್ಯಗಳಲ್ಲಿ ಅದೂ ಸಿಗಲಿಲ್ಲ. ಪರ ಗಂಡಸರ ಮುಂದೆ ಹೆಸರು ಹೇಳಬಾರದೆಂದು ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಕೊನೆಗೆ ಸುಮಾರು 28 ಲಕ್ಷ ಹೆಣ್ಣುಮಕ್ಕಳು ಪಟ್ಟಿಯಿಂದ ಹೊರಗುಳಿದರು. ಕಠಿಣ ನಿರ್ಧಾರ, ಆದರೆ ತಪ್ಪಲ್ಲ. ಹೆಸರಿಲ್ಲದ ಮತಕ್ಕೆ ಯಾರು ಬೇಕಾದರೂ ವಾರಸುದಾರರಾಗಬಹುದು.

ಮೈಸೂರು ಸಂಸ್ಥಾನದಲ್ಲಿ ತೊಡಕು ಬೇರೆ ಥರದ್ದು. ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಹೆಣ್ಣು ಎಂಬ ಕಾರಣಕ್ಕೆ ಮತ ಇಲ್ಲ ಅನ್ನುವ ಅಡ್ಡಿ ಹೋಗಿದ್ದು 1923ರ ಕಾಯಿದೆಯಲ್ಲಿ. ಹಾಗೆಂದು ಎಲ್ಲರಿಗೂ ಮತ ಸಿಗಲಿಲ್ಲ. ಆಸ್ತಿ, ಕಂದಾಯದ ಅರ್ಹತೆ ಹಾಗೇ ಉಳಿಯಿತು, ಜಮೀನು ಇದ್ದದ್ದು ಗಂಡಸರ ಹೆಸರಿನಲ್ಲಿ. ಸಂವಿಧಾನ ಬಂದ ಮೇಲೆಯೇ ಆ ಬಾಗಿಲು ಪೂರ್ತಿ ತೆರೆದದ್ದು. ಚುನಾವಣಾ ಆಯೋಗದ ಮುಖ್ಯಸ್ಥೆಯ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ಕೂರಲು 1990ರ ನವೆಂಬರ್‌ವರೆಗೆ ಕಾಯಬೇಕಾಯಿತು. ಆಕೆ ವಿ.ಎಸ್. ರಮಾದೇವಿ, ಮುಂದೆ ನಮ್ಮ ರಾಜ್ಯದ ರಾಜ್ಯಪಾಲರಾದವರು. ಆ ಕುರ್ಚಿಯಲ್ಲಿ ಇದ್ದದ್ದು ಎರಡು ವಾರದ ಆಸುಪಾಸು ಮಾತ್ರ.

ಪ್ರತಿ ಜನವರಿ 25ರ ಮತದಾರರ ದಿನದಂದು ಕೆಲವು ಬಿಎಲ್‌ಒಗಳಿಗೆ, ಅಂದರೆ ಮನೆಮನೆಗೆ ಹೋಗಿ ಮತದಾರರ ಪಟ್ಟಿ ಪರಿಶೀಲಿಸುವ ಮತಗಟ್ಟೆ ಮಟ್ಟದ ಅಧಿಕಾರಿಗಳಿಗೆ, ಶಾಲು ಹೊದಿಸುತ್ತಾರೆ. ಇವರಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು ಬಹಳ ಮಂದಿ. ವರ್ಷದ ಸಂಭಾವನೆ 6,000 ರೂಪಾಯಿ ಇದ್ದದ್ದು 2025ರಲ್ಲಿ 12,000 ಆಯಿತು. ತಿಂಗಳಿಗೆ ಸಾವಿರ. ಅಂಗನವಾಡಿ ಮುಗಿಸಿ ಇವರು ಮನೆಮನೆ ಸುತ್ತುವುದು ಸಂಜೆ, ಹೊಲಕ್ಕೆ ಹೋದವರು ಮರಳಿ, ಗಾರ್ಮೆಂಟ್ಸ್ ಬಸ್ಸು ಊರಿಗೆ ಬಂದ ಮೇಲೆ. ಹಗಲು ಹೋದರೆ ಜಗಲಿ ಮೇಲಿನ ಯಜಮಾನರೇ ಮನೆಯ ಹೆಂಗಸರ ಪರವಾಗಿ ಉತ್ತರ ಕೊಟ್ಟು ಕಳಿಸುತ್ತಾರೆ. ಹೆಂಗಸರ ಹತ್ತಿರವೇ ಕೂತು ಕೇಳಿದಾಗ ಸಿಗುವ ಹೆಸರು, ವಯಸ್ಸು ಹಲವು ಸಲ ಬೇರೆಯೇ.

ಪಟ್ಟಿ ಕೆಡುವುದು ಹೆಚ್ಚಾಗಿ ಮದುವೆಯಲ್ಲಿ. ಮಳವಳ್ಳಿಯ ಹುಡುಗಿ ಮೈಸೂರಿಗೆ ಸೊಸೆಯಾಗಿ ಬಂದಳು ಅನ್ನಿ. ಗಂಡನ ಮನೆಯವರು ಹೊಸ ಮತದಾರರ ನಮೂನೆ 6 ತುಂಬಿಸುತ್ತಾರೆ. ತವರಿನ ಪಟ್ಟಿಯಲ್ಲೂ ಹೆಸರು ಉಳಿಯುತ್ತದೆ. ಆಮೇಲೆ ಜೋಡಿ ಹೆಸರು ಹುಡುಕುವಾಗ ಉಳಿಯಬೇಕಾದದ್ದೇ ಹೋಗಿಬಿಡಬಹುದು. ತುಂಬಬೇಕಾದದ್ದು ನಮೂನೆ 8. 2022ರಿಂದ ವಿಳಾಸ ಬದಲಾವಣೆ, ಕ್ಷೇತ್ರ ಬದಲಾದರೂ, ಅದರಲ್ಲೇ. ಹಳೆಯ ಗುರುತಿನ ಚೀಟಿಯ ಸಂಖ್ಯೆ (ಮೂರು ಅಕ್ಷರ, ಏಳು ಅಂಕಿ) ಬರೆದರೆ ಅದೇ ಸಂಖ್ಯೆ ಮುಂದುವರಿಯುತ್ತದೆ.

ಇನ್ನೊಂದು ಕಂಟಕ ಸಾವಿನದು. ಒಂದೇ ಊರಿನಲ್ಲಿ ಇಬ್ಬರು ಪುಟ್ಟಮ್ಮಂದಿರು, ಇಬ್ಬರ ಗಂಡಂದಿರೂ ಸಿದ್ದೇಗೌಡರೇ. ಒಬ್ಬರು ತೀರಿಕೊಂಡಾಗ, ಹೆಸರು ತೆಗೆಸಲು ಕೊಡುವ ನಮೂನೆ 7ರಲ್ಲಿ ಇನ್ನೊಬ್ಬರ ಕ್ರಮಸಂಖ್ಯೆ ಬಿದ್ದರೆ ಬದುಕಿರುವ ಪುಟ್ಟಮ್ಮ ಕಾಗದದಲ್ಲಿ ಸತ್ತಂತೆ. ಆದ್ದರಿಂದ ಅನುಭವಸ್ಥ ಬಿಎಲ್‌ಒ ಹೆಸರನ್ನು ನಂಬುವುದಿಲ್ಲ. ಭಾಗ ಸಂಖ್ಯೆ, ಕ್ರಮಸಂಖ್ಯೆ, ಫೋಟೋ ಮೂರನ್ನೂ ತಾಳೆ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ ವರದಿ ಬರೆಯುತ್ತಾರೆ. ಹೆಸರು ತೆಗೆಯುವ ಅಧಿಕಾರ ಅವರದ್ದಲ್ಲ, ಮತದಾರರ ನೋಂದಣಾಧಿಕಾರಿಯದು. ಬೇಕೆಂದೇ ಸುಳ್ಳು ಘೋಷಣೆ ಕೊಟ್ಟವರಿಗೆ 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲಾಗಬಹುದು. ಊರ ರಾಜಕೀಯದ ಜಿದ್ದಿಗೆ ಕಂತೆಗಟ್ಟಲೆ ನಮೂನೆ 7 ತಂದುಕೊಡುವವರಿಗೆ ಇದನ್ನು ಓದಿ ಹೇಳುವುದು ಒಳ್ಳೆಯದು. ನೋಂದಣಾಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಅದಕ್ಕೂ ಹತ್ತು ದಿನ ಮೊದಲೇ ಅರ್ಜಿ ಕೊಟ್ಟಿರಬೇಕು. ಮತದಾನದ ದಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೈಯಲ್ಲಿ ಚೀಟಿ ಇದ್ದರೂ ಉಪಯೋಗವಿಲ್ಲ.

ಹೆಸರಿದ್ದು, ಬೇರೆ ಯಾರೋ ಆಗಲೇ ಆ ಹೆಸರಿನಲ್ಲಿ ಮತ ಹಾಕಿ ಹೋಗಿದ್ದರೆ ಮಾತ್ರ ಸುಮ್ಮನೆ ಮನೆಗೆ ಬರಬಾರದು. ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಚುನಾವಣೆಗೆ ಕೊಡುತ್ತಿರುವ ಶಾಯಿ ಒಬ್ಬರು ಎರಡು ಸಲ ಹಾಕುವುದನ್ನು ತಡೆಯುತ್ತದೆ, ಮೊದಲ ಸಲವೇ ಇನ್ನೊಬ್ಬರ ಹೆಸರು ಹೇಳುವುದನ್ನಲ್ಲ. ಮತಗಟ್ಟೆ ಅಧ್ಯಕ್ಷಾಧಿಕಾರಿಯ ಹತ್ತಿರ ಟೆಂಡರ್ ಮತ ಕೇಳಬೇಕು. ಗುರುತಿನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಗುರುತು ಹಾಕಿದ ಮತಪತ್ರ ಪ್ರತ್ಯೇಕ ಲಕೋಟೆಗೆ ಸೇರುತ್ತದೆ, ಸಾಮಾನ್ಯ ಎಣಿಕೆಗೆ ಬರುವುದಿಲ್ಲ. ಆದರೆ ಗೆಲುವಿನ ಅಂತರ ತೀರಾ ಕಡಿಮೆಯಾಗಿ ವ್ಯಾಜ್ಯ ಹೈಕೋರ್ಟಿಗೆ ಹೋದರೆ ಆ ಲಕೋಟೆಗೆ ಬೆಲೆ ಬರುತ್ತದೆ. ಮತಪತ್ರ ಕೈಗೆ ತೆಗೆದುಕೊಳ್ಳುವ ಮುಂಚೆ ನಮೂನೆ 17ಬಿ ಪಟ್ಟಿಯಲ್ಲಿ ತನ್ನ ಹೆಸರಿನ ಎದುರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು.