ನಾಯಿಗೆ ವಯಸ್ಸಾಯ್ತು, ಒಪ್ಪಿಕೊಂಡು ಸುಮ್ಮನಿರೋದಾ?

ಓದುಗರ ಪ್ರಶ್ನೆ: ನಮ್ಮ ನಾಯಿಗೆ ಈಗ 13 ವರ್ಷ. ದಿನವಿಡೀ ಮಲಗಿರುತ್ತದೆ. ಮೆಟ್ಟಿಲು ಹತ್ತುವುದನ್ನು ಬಿಟ್ಟಿದೆ, ಕರೆದರೆ ತಿರುಗಿ ನೋಡುವುದಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ಮನೆಯೆಲ್ಲ ಸುತ್ತುತ್ತದೆ. ಮನೆಯವರು ‘ವಯಸ್ಸಾಯ್ತು ಬಿಡು, ಅದರ ಪಾಡಿಗೆ ಇರಲಿ’ ಅನ್ನುತ್ತಾರೆ. ಒಪ್ಪಿಕೊಳ್ಳಬೇಕು ಅಂತ ನನಗೂ ಗೊತ್ತು. ಆದರೆ ಏನನ್ನು ಒಪ್ಪಿಕೊಳ್ಳಬೇಕು, ಎಲ್ಲಿಯವರೆಗೆ?

ಚಿಕ್ಕ ಉತ್ತರ ಮೊದಲು. ವಯಸ್ಸನ್ನು ಒಪ್ಪಿಕೊಳ್ಳಿ, ನೋವನ್ನು ಒಪ್ಪಿಕೊಳ್ಳಬೇಡಿ. ತೊಂದರೆ ಏನೆಂದರೆ, ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ನಮ್ಮ ನಾಯಿ 11 ವರ್ಷ ದಾಟಿದ ಮೇಲೆ ಸೋಫಾ ಹತ್ತುವುದನ್ನು ಬಿಟ್ಟ. ಅಷ್ಟು ವರ್ಷ ‘ಇಳಿಯೋ, ಇಳಿಯೋ’ ಅಂತ ಬೈದರೂ ಕೇಳದವನು ಈಗ ತಾನಾಗಿಯೇ ಕೆಳಗೆ ಮಲಗುತ್ತಾನೆ, ಕೊನೆಗೂ ಮರ್ಯಾದೆ ಕಲಿತ ಅಂತ ಎಲ್ಲರೂ ನಕ್ಕಿದ್ದೆವು. ಆರು ತಿಂಗಳ ನಂತರ ಬೇರೆ ಯಾವುದಕ್ಕೋ ಡಾಕ್ಟರ ಹತ್ತಿರ ಹೋದಾಗ ಅವರು ಸುಮ್ನೆ ಅವನ ಹಿಂಗಾಲನ್ನು ಹಿಂದಕ್ಕೆ ಎಳೆದು ನೋಡಿದರು. ಜನ್ಮದಲ್ಲಿ ಗುರ್ ಅನ್ನದ ನಾಯಿ ತಲೆ ತಿರುಗಿಸಿ ಅವರ ಕೈಯನ್ನು ಬಾಯಲ್ಲಿ ಹಿಡಿದುಕೊಂಡ. ಕಚ್ಚಲಿಲ್ಲ, ಹಿಡಿದುಕೊಂಡ ಅಷ್ಟೆ. ಸೊಂಟದ ಕೀಲುಗಳು ಸವೆದಿದ್ದವು. ನೋವಿನ ಔಷಧಿ ಶುರುವಾಗಿ ಮೂರು ವಾರಕ್ಕೆ ಮತ್ತೆ ಸೋಫಾ ಮೇಲಿದ್ದ. ಆರು ತಿಂಗಳು ಅವನು ನೋವು ತಿಂದಿದ್ದ, ನಾವು ಅದನ್ನು ಮರ್ಯಾದೆ ಅಂದುಕೊಂಡಿದ್ದೆವು.

ಅದಕ್ಕೇ ‘ವಯಸ್ಸಾಯ್ತು’ ಅನ್ನುವ ಮಾತು ಕೇಳಿದರೆ ನನಗೆ ಈಗ ಸ್ವಲ್ಪ ಭಯ. ಅದು ಕಾಯಿಲೆಯ ಹೆಸರಲ್ಲ, ಆದರೆ ಆ ಮಾತು ಬಂದ ಮೇಲೆ ಯಾರೂ ಮುಂದಕ್ಕೆ ಹುಡುಕುವುದಿಲ್ಲ.

ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ ಅಂತ ಕಾದು ಕೂರಬೇಡಿ. ದಿನಾ ಇರುವ ನೋವಿಗೆ ಅವು ಸದ್ದು ಮಾಡುವುದು ಕಡಿಮೆ. ಬದಲಿಗೆ ಬದುಕನ್ನೇ ಚಿಕ್ಕದು ಮಾಡಿಕೊಳ್ಳುತ್ತವೆ. ಏಳುವಾಗ ಎರಡು ಸಲ ಪ್ರಯತ್ನ, ಎದ್ದ ಮೇಲೆ ಮೊದಲ ನಾಲ್ಕು ಹೆಜ್ಜೆ ಬಿಗಿ, ಒಂದೇ ಕೀಲನ್ನು ನೆಕ್ಕುತ್ತಾ ಕೂರುವುದು, ನಡೆಯುವಾಗ ಹಿಂಗಾಲಿನ ಉಗುರು ನೆಲಕ್ಕೆ ಕೆರೆಯುವ ಸದ್ದು, ಸುಮ್ಮನೆ ಕೂತಾಗಲೂ ಏದುಸಿರು, ಮೊದಲು ಮೈಮೇಲೆ ಬೀಳುತ್ತಿದ್ದ ಮಕ್ಕಳನ್ನು ಕಂಡರೆ ಎದ್ದು ಪಕ್ಕದ ಕೋಣೆಗೆ ಹೋಗುವುದು, ಇವೆಲ್ಲ ಅದರ ಭಾಷೆ. ಇವುಗಳನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಯಾಕೆಂದರೆ ಕ್ಲಿನಿಕ್ಕಿನಲ್ಲಿ ಭಯಕ್ಕೋ ಉತ್ಸಾಹಕ್ಕೋ ಕುಂಟು ನಾಯಿಯೂ ಪೊಲೀಸಿನ ಹಾಗೆ ನೆಟ್ಟಗೆ ನಡೆಯುತ್ತದೆ, ನೀವು ಹೇಳಿದ್ದು ಸುಳ್ಳು ಅನ್ನಿಸುವಷ್ಟು.

ಒಂದು ಎಚ್ಚರಿಕೆ, ಇದನ್ನು ಮಾತ್ರ ಮರೆಯಬೇಡಿ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಅರ್ಧವೂ ಬೇಡ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಪ್ಯಾರಸಿಟಮಾಲ್ ಜಾಸ್ತಿಯಾದರೆ ಲಿವರ್ ಹೋಗುತ್ತದೆ. ನಾಯಿಗೆ ಅಂತಲೇ ಮಾಡಿದ ಔಷಧಿಗಳಿವೆ. ಅವನ್ನು ದಿನವೂ ಕೊಡುವ ಮೊದಲು ಲಿವರ್, ಮೂತ್ರಪಿಂಡ ಹೇಗಿವೆ ಅಂತ ರಕ್ತಪರೀಕ್ಷೆಯಲ್ಲಿ ನೋಡುತ್ತಾರೆ, ನಡುನಡುವೆ ಮತ್ತೆ ನೋಡುತ್ತಾರೆ. ದುಡ್ಡು ಕೀಳಲು ಮಾಡಿಸುತ್ತಾರೆ ಅಂತ ಬೇಸರ ಮಾಡಿಕೊಳ್ಳಬೇಡಿ.

ಕೀಲು ನೋವಿಗೆ ಔಷಧಿಯಷ್ಟೇ ಕೆಲಸ ಮಾಡುವುದು ತೂಕ ಇಳಿಸುವುದು. ಲ್ಯಾಬ್ರಡಾರ್‌ಗಳ ಮೇಲೆ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. 48 ನಾಯಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಮರಿಯಿಂದ ಸಾಯುವವರೆಗೂ 25% ಕಡಿಮೆ ಊಟ ಕೊಟ್ಟರು. ಕಡಿಮೆ ತಿಂದವು ಸರಿಸುಮಾರು 1.8 ವರ್ಷ ಜಾಸ್ತಿ ಬದುಕಿದವು, ಕೀಲು ನೋವೂ ಅವಕ್ಕೆ ತಡವಾಗಿ ಬಂತು. ‘ಪಾಪ, ಇನ್ನೆಷ್ಟು ದಿನ, ತಿನ್ನಲಿ ಬಿಡು’ ಅನ್ನುವುದು ಪ್ರೀತಿಯೇ, ಆದರೆ ಆ ಪ್ರೀತಿಯ ಭಾರ ಹೊರಬೇಕಾದದ್ದು ಅದರ ಸವೆದ ಸೊಂಟ. ಹಾಗಂತ ನೀವು ಏನೂ ಮಾಡದೆ ತಾನಾಗಿಯೇ ನಾಯಿ ಸೊರಗುತ್ತಿದ್ದರೆ ಅದು ಬೇರೆ ಕಥೆ, ಬೇಗ ತೋರಿಸಬೇಕು.

ವಯಸ್ಸಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಾಯಿಯ ಒಂದು ವರ್ಷ ಅಂದರೆ ನಮ್ಮ ಏಳು ವರ್ಷ ಅಂತ ಎಲ್ಲರೂ ಹೇಳುತ್ತಾರಲ್ವಾ, ಅದು ಸರಿಯಲ್ಲ. ನಾಯಿಗಳು ಮೊದಲ ಒಂದೆರಡು ವರ್ಷದಲ್ಲಿ ಓಡೋಡಿ ದೊಡ್ಡವಾಗುತ್ತವೆ, ಆಮೇಲೆ ನಿಧಾನ. 2020ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 104 ಲ್ಯಾಬ್ರಡಾರ್‌ಗಳ ಡಿಎನ್‌ಎ ಬದಲಾವಣೆ ನೋಡಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ 13 ವರ್ಷದ ಲ್ಯಾಬ್ರಡಾರ್ ನಮ್ಮ 72ರ ಆಸುಪಾಸು. ದೊಡ್ಡ ಜಾತಿಯ ನಾಯಿಗಳು ಬೇಗ ಮುದಿಯಾಗುತ್ತವೆ, ಪುಟ್ಟವು ನಿಧಾನಕ್ಕೆ. ಸಂಖ್ಯೆ ಏನೇ ಇರಲಿ, ಎಪ್ಪತ್ತು ದಾಟಿದ ಮನುಷ್ಯರಿಗೆ ಮಂಡಿ ನೋವು ಅಂದರೆ ನಾವು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ ತಾನೆ?

ಈಗ ಕರೆದರೆ ತಿರುಗದಿರುವುದಕ್ಕೆ ಬರೋಣ. ಬಹುಶಃ ಕಿವಿ ಮಂದವಾಗಿದೆ. ಕಿವಿಯೊಳಗೆ ಸೋಂಕು ಇಲ್ಲ ಅಂತ ಒಮ್ಮೆ ಖಾತ್ರಿ ಮಾಡಿಕೊಂಡರೆ, ಉಳಿದದ್ದು ಒಪ್ಪಿಕೊಳ್ಳುವ ಪಟ್ಟಿಗೆ. ಕೈಸನ್ನೆ ಕಲಿಸಿ, ಮುದಿ ನಾಯಿಗಳು ಚೆನ್ನಾಗಿಯೇ ಕಲಿಯುತ್ತವೆ. ಮಲಗಿದ್ದಾಗ ಹಿಂದಿನಿಂದ ಹೋಗಿ ಮುಟ್ಟಬೇಡಿ, ಬೆಚ್ಚಿಬಿದ್ದು ಬಾಯಿ ಹಾಕೀತು. ಮೂಗಿನ ಹತ್ತಿರ ಕೈ ಹಿಡಿಯಿರಿ, ವಾಸನೆಗೆ ತಾನಾಗಿ ಎಚ್ಚರವಾಗುತ್ತದೆ. ಕಣ್ಣಿನಲ್ಲಿ ನೀಲಿ ಮಬ್ಬು ಕಂಡರೆ ಗಾಬರಿ ಬೇಡ, ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದೆ, ದೃಷ್ಟಿ ಅಷ್ಟೇನೂ ಹೋಗಿರುವುದಿಲ್ಲ. ಬಿಳಿ ಪೊರೆ ಬೇರೆ, ಅದನ್ನು ಗುರುತಿಸುವುದು ಡಾಕ್ಟರ ಕೆಲಸ. ಕಣ್ಣು ನಿಜವಾಗಿಯೂ ಮಂದವಾದರೆ ಮನೆಯ ಕುರ್ಚಿ ಮೇಜನ್ನು ಅತ್ತಿತ್ತ ಸರಿಸಬೇಡಿ. ಮನೆಯ ನಕ್ಷೆ ಅದರ ತಲೆಯಲ್ಲಿದೆ.

ರಾತ್ರಿ ಓಡಾಟ ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. ಮುದಿ ನಾಯಿಗಳಿಗೂ ಮರೆವಿನ ಕಾಯಿಲೆ ಬರುತ್ತದೆ. ಆಲ್‌ಝೈಮರ್‌ನಲ್ಲಿ ಮನುಷ್ಯರ ಮಿದುಳಿನಲ್ಲಿ ಕೂಡಿಕೊಳ್ಳುವಂಥದ್ದೇ ಪ್ರೋಟೀನು ಅವುಗಳ ಮಿದುಳಿನಲ್ಲೂ ಕೂಡಿಕೊಳ್ಳುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ 28%, 15-16 ವರ್ಷದವುಗಳಲ್ಲಿ 68% ನಾಯಿಗಳಿಗೆ ಇದರ ಒಂದಾದರೂ ಲಕ್ಷಣ ಇತ್ತು. ಮೂಲೆಗೆ ಹೋಗಿ ಗೋಡೆ ನೋಡುತ್ತಾ ನಿಲ್ಲುವುದು, ಬಾಗಿಲು ತೆರೆಯುವ ಕಡೆ ಬಿಟ್ಟು ತಿರುಗಣೆಯ ಕಡೆ ಕಾಯುವುದು, ಹಗಲೆಲ್ಲ ನಿದ್ದೆ ರಾತ್ರಿಯೆಲ್ಲ ಜಾಗರಣೆ, ಮರಿಯಿಂದ ಕಲಿತ ಶಿಸ್ತು ಮರೆತು ಮನೆಯೊಳಗೇ ಗಲೀಜು ಮಾಡುವುದು. ಹಟಕ್ಕೆ ಮಾಡುತ್ತಿಲ್ಲ, ಬೈದರೆ ಯಾಕೆ ಬೈದರು ಅಂತಲೂ ಅದಕ್ಕೆ ಗೊತ್ತಾಗುವುದಿಲ್ಲ.

ಆದರೆ ನೇರ ಮರೆವು ಅಂತ ತೀರ್ಮಾನಕ್ಕೆ ಬರಬೇಡಿ. ಕೀಲು ನೋವಿದ್ದರೂ ರಾತ್ರಿ ಮಲಗಲಾಗದೆ ಸುತ್ತುತ್ತವೆ. ಮೂತ್ರದ ಸೋಂಕು, ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎಲ್ಲವೂ ಇದೇ ವೇಷ ಹಾಕಿಕೊಂಡು ಬರಬಹುದು. ಅವನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿದದ್ದು ಮರೆವು. ವಾಸಿಯಾಗುವುದಿಲ್ಲ, ಆದರೆ ಸೆಲಿಜಿಲಿನ್‌ನಂಥ ಔಷಧಿಯಿಂದ ಕೆಲವು ನಾಯಿಗಳಿಗೆ ಅನುಕೂಲವಾಗುತ್ತದೆ. ಅದರ ಜೊತೆಗೆ ಹಗಲು ಬೆಳಕಿನಲ್ಲಿ ಓಡಾಟ, ಊಟಕ್ಕೆ ನಿದ್ದೆಗೆ ಒಂದೇ ಹೊತ್ತು, ರಾತ್ರಿ ಸಣ್ಣ ದೀಪ.

ಉಳಿದ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೀರು ಜಾಸ್ತಿ ಕುಡಿಯುತ್ತಿದೆ ಅನ್ನಿಸಿದರೆ ಬಟ್ಟಲಿಗೆ ಅಳೆದು ಹಾಕಿ. ದಿನಕ್ಕೆ ಮೈತೂಕದ ಕೆಜಿಗೆ 100 ಮಿಲಿ ದಾಟಿದರೆ ಅದು ಜಾಸ್ತಿಯೇ. ಮಲಗಿದಲ್ಲೇ ಮೂತ್ರ ಹೋಗುತ್ತದೆ ಅಂತ ನೀರು ಮಾತ್ರ ಕಡಿಮೆ ಮಾಡಬೇಡಿ, ಆ ತೊಂದರೆಗೂ ಎಷ್ಟೋ ಸಲ ಔಷಧಿ ಇದೆ. ಮೂತ್ರಪಿಂಡ ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೂ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲ) ಏರುವುದಿಲ್ಲ, ಹಾಗಾಗಿ ಈ ವಯಸ್ಸಿನಲ್ಲಿ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಎರಡೂ ನೋಡಿಸುವುದು ಒಳ್ಳೆಯದು. ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ, ನಿಮಿಷಕ್ಕೆ 30ರ ಒಳಗಿರಬೇಕು. ಮತ್ತೆ ಮತ್ತೆ ಅದಕ್ಕಿಂತ ಜಾಸ್ತಿ ಬಂದರೆ ಹೃದಯ, ಶ್ವಾಸಕೋಶ ನೋಡಿಸಬೇಕು. ಬಾಯಿ ನಾತ ವಯಸ್ಸಿನಿಂದಲ್ಲ, ಹಲ್ಲಿನಿಂದ.

ಇನ್ನೊಂದನ್ನು ತಿಳಿದಿರಿ, ಎಂದಾದರೂ ಬೇಕಾದೀತು. ಒಂದು ಬೆಳಿಗ್ಗೆ ನಾಯಿ ಇದ್ದಕ್ಕಿದ್ದಂತೆ ತಲೆ ಓರೆ ಮಾಡಿ, ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತಾ, ಕುಡಿದವರ ಹಾಗೆ ಒಂದು ಕಡೆಗೆ ಬೀಳತೊಡಗಬಹುದು. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಪಾರ್ಶ್ವವಾಯು ಹೊಡೆಯಿತು, ಕಥೆ ಮುಗಿಯಿತು ಅಂತ ಅಳುತ್ತಾ ಡಾಕ್ಟರ ಕೈಯಲ್ಲಿ ದಯಾಮರಣ ಕೊಡಿಸಲು ಹೊರಡುವವರಿದ್ದಾರೆ. ಮುದಿ ನಾಯಿಗಳಲ್ಲಿ ಇದು ಹೆಚ್ಚಾಗಿ ಒಳಗಿವಿಯ ಸಮತೋಲನ ತಪ್ಪಿದ್ದರಿಂದ ಆಗುತ್ತದೆ, ಎರಡು ಮೂರು ದಿನದಲ್ಲಿ ಸುಧಾರಿಸತೊಡಗಿ ಕೆಲವು ವಾರಕ್ಕೆ ಸರಿಹೋಗುತ್ತದೆ, ತಲೆ ಸ್ವಲ್ಪ ಓರೆ ಉಳಿಯಬಹುದು ಅಷ್ಟೆ. ಡಾಕ್ಟರಿಗೆ ಕೂಡಲೇ ತೋರಿಸಿ, ಆದರೆ ಆ ದಿನವೇ ದೊಡ್ಡ ನಿರ್ಧಾರ ಬೇಡ.

ಹಾಗಾದರೆ ಒಪ್ಪಿಕೊಳ್ಳಬೇಕಾದದ್ದು ಏನು? ವೇಗ. ಅದರ ವೇಗ ಇನ್ನು ವಾಪಸ್ ಬರುವುದಿಲ್ಲ. ಒಂದು ಗಂಟೆಯ ಒಂದು ವಾಕಿಂಗ್ ಬದಲು ಹತ್ತು ನಿಮಿಷದ ನಾಲ್ಕು. ಅದೂ ನಡಿಗೆ ಅನ್ನುವ ಹಾಗಿಲ್ಲ, ಜಾಸ್ತಿ ಹೊತ್ತು ನಿಂತಿರುವುದೇ. ನಮ್ಮವನು ಕೊನೆಯ ವರ್ಷದಲ್ಲಿ ಒಂದೇ ಕಂಬದ ಬುಡವನ್ನು ಐದು ನಿಮಿಷ ಮೂಸುತ್ತಿದ್ದ, ಪೇಪರ್ ಓದುವವರ ಹಾಗೆ ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ಮೊದಮೊದಲು ನಾನು ಹಗ್ಗ ಎಳೆಯುತ್ತಿದ್ದೆ. ಕಿವಿ ಹೋಗಿ, ಕಣ್ಣು ಮಂದವಾಗಿ, ಕಾಲು ಸೋತ ಮೇಲೂ ಉಳಿದಿದ್ದದ್ದು ಆ ಮೂಗು ಅಂತ ಹೊಳೆದ ಮೇಲೆ ಎಳೆಯುವುದನ್ನು ಬಿಟ್ಟೆ.

ಮನೆಯನ್ನೂ ಅದರ ಕಾಲಿಗೆ ತಕ್ಕಂತೆ ಬದಲಾಯಿಸಬೇಕು. ನುಣುಪು ನೆಲ ಮುದಿ ನಾಯಿಗೆ ಮಂಜುಗಡ್ಡೆಯ ಹಾಗೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಬಟ್ಟಲಿನಿಂದ ಬಾಗಿಲಿಗೆ ಜಾರದ ಚಾಪೆ ಹಾಸಿ. ಉಗುರು ಕತ್ತರಿಸಿ, ಪಾದದ ಅಡಿಯ ಕೂದಲೂ. ಹಾಸಿಗೆ ದಪ್ಪಗಿರಲಿ. ಏಳಲು ಕಷ್ಟಪಟ್ಟರೆ ಹೊಟ್ಟೆಯ ಕೆಳಗೆ ಹಿಂಗಾಲಿನ ಮುಂದೆ ಒಂದು ಟವೆಲ್ ಹಾಕಿ ಮೆಲ್ಲಗೆ ಎತ್ತಿಕೊಡಿ.

‘ಎಲ್ಲಿಯವರೆಗೆ’ ಅಂತ ಕೇಳಿದ್ದಿರಿ. ಇದಕ್ಕೆ ಅಳತೆಗೋಲಿನಂಥದ್ದೊಂದು ಇದೆ. ಆಲಿಸ್ ವಿಲಲೋಬೊಸ್ ಅನ್ನುವ ಪಶುವೈದ್ಯೆ ಮಾಡಿದ್ದು. ನೋವು, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಜಾಸ್ತಿ ಇವೆಯೇ, ಈ ಏಳಕ್ಕೆ ತಲಾ ಹತ್ತರಲ್ಲಿ ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಜಾಸ್ತಿ. ಒಟ್ಟು 35 ದಾಟಿದರೆ ಬದುಕು ಸಹನೀಯ ಅಂತ ಲೆಕ್ಕ. ನಾಯಿಯ ಬದುಕಿಗೆ ಅಂಕ ಕೊಡುವುದು ನನಗೆ ಮೊದಲು ಸರಿಬರಲಿಲ್ಲ. ಆದರೆ ದಿನಾ ನೋಡುವ ಕಣ್ಣಿಗೆ ನಿಧಾನಕ್ಕೆ ಇಳಿಯುವುದು ಕಾಣುವುದೇ ಇಲ್ಲ, ಬರೆದಿಟ್ಟರೆ ಕಾಣುತ್ತದೆ. ಅದಾಗದಿದ್ದರೆ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ಒಂದು ಗುರುತು ಹಾಕುತ್ತಾ ಹೋಗಿ.

ನಿದ್ದೆಯಲ್ಲೇ ಹೋಗಿಬಿಡಲಿ ಅಂತ ಎಲ್ಲರೂ ಆಸೆಪಡುತ್ತಾರೆ. ನಾನೂ ಪಟ್ಟಿದ್ದೆ. ಹಾಗೆ ಹೋಗುವ ನಾಯಿಗಳು ಕಡಿಮೆ. ಡಾಕ್ಟರ ಕೈಯಲ್ಲಿ ಕಳಿಸಿಕೊಡುವ ದಿನ ಬಂದರೆ ಏನಾಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು. ಸಾಮಾನ್ಯವಾಗಿ ಮೊದಲು ಮಂಪರು ಬರಿಸುತ್ತಾರೆ, ಆಮೇಲೆ ಅರಿವಳಿಕೆ ಔಷಧಿಯನ್ನೇ ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ. ಪ್ರಜ್ಞೆ ಹೋಗಿ, ಕೆಲವೇ ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ. ಹೋದ ಮೇಲೂ ಒಂದೆರಡು ಸಲ ಉಸಿರೆಳೆದಂತೆ ಆಗಬಹುದು, ಮೂತ್ರ ಹೋಗಬಹುದು. ಅದಕ್ಕೆ ಆಗ ಏನೂ ಗೊತ್ತಾಗುವುದಿಲ್ಲ. ಆಗುವುದಾದರೆ ಪಕ್ಕದಲ್ಲೇ ಇರಿ.

ಆದರೆ ನೀವು ಬರೆದದ್ದು ನೋಡಿದರೆ ಆ ದಿನ ಇನ್ನೂ ಬಂದ ಹಾಗಿಲ್ಲ. ಈ ವಾರ ಎರಡು ವಿಡಿಯೋ ಮಾಡಿ, ನೀರು ಅಳೆಯಿರಿ, ಉಸಿರು ಎಣಿಸಿ, ರಾತ್ರಿ ಎಷ್ಟು ಹೊತ್ತಿಗೆ ಏಳುತ್ತದೆ ಅಂತ ಬರೆದಿಟ್ಟುಕೊಳ್ಳಿ, ಎಲ್ಲ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಮೆಟ್ಟಿಲಿನ ವಿಷಯ ಬಿಟ್ಟೇಹೋಯಿತು. ಅದು ಮೊದಲು ಮಲಗುತ್ತಿದ್ದದ್ದು ಮಹಡಿಯ ಮೇಲೆ, ನಿಮ್ಮ ಕೋಣೆಯಲ್ಲಾ? ಹಾಗಿದ್ದರೆ ರಾತ್ರಿ ಎರಡಕ್ಕೆ ಅದು ಹುಡುಕುತ್ತಿರುವುದು ನಿಮ್ಮನ್ನೂ ಇರಬಹುದು. ಅದರ ಹಾಸಿಗೆ ಕೆಳಗೆ ಬಂದಾಯಿತು, ನಿಮ್ಮದನ್ನೂ ತಂದು ನೋಡಿ. ನಾನು ಎಂಟು ತಿಂಗಳು ಕೆಳಗೆ ನೆಲದ ಮೇಲೆ ಮಲಗಿದ್ದೆ. ಸೊಂಟ ಹಿಡಿದುಕೊಂಡಿತ್ತು, ಅವನದ್ದೂ ನನ್ನದೂ.