ಜನರೇಟರ್ ಕರೆಂಟು ಬೀದಿಗಿಳಿದರೆ

ಮೇ ತಿಂಗಳ ಗಾಳಿಮಳೆಗೆ ಮಂಡ್ಯದ ಕಡೆ ಲೈನ್ ಮೇಲೆ ಒಂದು ತೆಂಗಿನ ಗರಿ ಬಿದ್ದರೂ ಸಾಕು, ರಾತ್ರಿಯೆಲ್ಲ ಕತ್ತಲೆ. ಮನೆಯಲ್ಲಿ ಶುಭಕಾರ್ಯ ಇದ್ದರಂತೂ ಬಾಡಿಗೆ ಜನರೇಟರ್ ಬಂದೇ ಬರುತ್ತದೆ. ಕೆಲವರು ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರ್ ತಂದು, ಒಂದನ್ನು ಜನರೇಟರ್‌ಗೆ, ಇನ್ನೊಂದನ್ನು ಗೋಡೆಯ ಸಾಕೆಟ್‌ಗೆ ಚುಚ್ಚುತ್ತಾರೆ. ಮನೆಯೇನೋ ಬೆಳಗುತ್ತದೆ. ಮೇನ್ ಸ್ವಿಚ್ ಆಫ್ ಮಾಡೋದು ಮರೆತಿದ್ದರೆ ಕರೆಂಟು ಮೀಟರ್ ದಾಟಿ ಬೀದಿ ಕಂಬಕ್ಕೂ ಹೋಗುತ್ತದೆ.

ಅಲ್ಲಿಂದ ಟಿಸಿಗೆ. 11,000 ವೋಲ್ಟನ್ನು ಇಳಿಸಿ ನಮಗೆ 230 ಕೊಡುವ ಟ್ರಾನ್ಸ್‌ಫಾರ್ಮರ್ ಇದು. ಇಳಿಸೋದಷ್ಟೇ ಇದರ ಕೆಲಸ ಅಂದುಕೊಂಡಿದ್ದೇವೆ, ಅಲ್ವಾ? 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಾಗ ಇಲ್ಲಿ ವೋಲ್ಟೇಜ್ ಏರಿಸಿದ್ದೂ ಟ್ರಾನ್ಸ್‌ಫಾರ್ಮರೇ, ಅಲ್ಲಿ ಇಳಿಸಿದ್ದೂ ಟ್ರಾನ್ಸ್‌ಫಾರ್ಮರೇ. ಯಾವ ಕಡೆಯಿಂದ ಕರೆಂಟು ಕೊಡುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಮನೆ ಕಡೆಯಿಂದ 230 ಕೊಟ್ಟರೆ ಆಚೆ ಕಡೆ 10,000 ವೋಲ್ಟ್‌ವರೆಗೂ ಏರಬಹುದು. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಅನ್ನೋ ಅನುಮತಿ) ತಗೊಂಡು, ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಇರೋದು ಅಲ್ಲೇ.

ಅಕ್ಕಪಕ್ಕದ ಮನೆಗಳ ಲೋಡ್ ಒಟ್ಟಿಗೆ ಬಿದ್ದು ಸಣ್ಣ ಜನರೇಟರ್ ತಾನೇ ಟ್ರಿಪ್ ಆಗೋದೂ ಉಂಟು. ಅದನ್ನು ನಂಬಿ ಕೂರೋಕಾಗಲ್ಲ. ನಿಮ್ಮ ಮನೆ ಹತ್ತಿರವೇ ಲೈನ್ ಕಡಿದಿದ್ದರೆ ಆ ಲೋಡ್ ಇರೋದೇ ಇಲ್ಲ, ತುಂಡಾದ ತುದಿಯಲ್ಲಿ 230 ವೋಲ್ಟ್ ಹಾಗೇ ಕಾದಿರುತ್ತದೆ. ಇನ್ನು ಆ ವೈರ್ ಗೋಡೆಯಿಂದ ಕಳಚಿದರೆ ಪ್ಲಗ್ಗಿನ ಪಿನ್ನುಗಳೇ ಶಾಕ್ ಹೊಡೆಯುತ್ತವೆ. ಮಕ್ಕಳಿರುವ ಮನೆಯಲ್ಲಿ ಇದು ಬೇಕಾ?

ಜನರೇಟರ್ ಓಡುತ್ತಿರುವಾಗಲೇ ಕರೆಂಟು ವಾಪಸ್ ಬಂದರೆ ಇನ್ನೊಂದು ಫಜೀತಿ. ಎರಡೂ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ ಕರೆಂಟೇ ಆದರೂ ಏರಿಳಿತ ಒಂದೇ ಹೊತ್ತಿಗೆ ಆಗುವುದಿಲ್ಲ. 230 ವೋಲ್ಟಿನ ಕರೆಂಟು ಏರಿಳಿತದ ತುದಿಯಲ್ಲಿ 325 ಮುಟ್ಟುತ್ತದೆ. ಒಂದು +325 ವೋಲ್ಟ್‌ನಲ್ಲಿದ್ದಾಗ ಇನ್ನೊಂದು -325ರಲ್ಲಿದ್ದರೆ ನಡುವೆ 650 ವೋಲ್ಟ್ ವ್ಯತ್ಯಾಸ. ಜನರೇಟರ್ ಸುಟ್ಟೇ ಹೋಗಬಹುದು.

ಮದ್ದು ಒಂದು ಚೇಂಜ್‌ಓವರ್ ಸ್ವಿಚ್. ಮೀಟರ್ ಆದ ಮೇಲೆ ಕೂರುತ್ತದೆ. ಹಿಡಿ ಒಂದು ಕಡೆಗಿದ್ದರೆ ಲೈನ್, ಇನ್ನೊಂದು ಕಡೆಗಿದ್ದರೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ತಾಗೋಕೆ ದಾರಿಯೇ ಇಲ್ಲ, ಯಾರ ನೆನಪಿನ ಹಂಗೂ ಬೇಡ. ಫೇಸ್ ಜೊತೆ ನ್ಯೂಟ್ರಲನ್ನೂ ಕಡಿಯುವ ಡಬಲ್ ಪೋಲ್‌ನದೇ ಕೇಳಿ ತನ್ನಿ. ಸುಮ್ನೆ ಕೈಹಾಕಬೇಡಿ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಲಿ ಹಾಕಿಸಿ, ಅರ್ತಿಂಗನ್ನೂ ನೋಡಿಸಿ.

2 ಕೆವಿಎ ಜನರೇಟರ್ ಕೊಡೋದು ಹೆಚ್ಚೆಂದರೆ 8-9 ಆಂಪಿಯರ್. ಒಂದು ಗೀಜರ್ ಅಷ್ಟನ್ನೂ ನುಂಗುತ್ತದೆ. ಮಳೆ ಅಂತ ಪಡಸಾಲೆಯೊಳಗೆ ಮಾತ್ರ ತಂದಿಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.