ಚಳಿಗೆ ಡೀಸೆಲ್ ಯಾಕೆ ಕೈಕೊಡುತ್ತದೆ: ಕೊಬ್ಬರಿ ಎಣ್ಣೆಯಿಂದ ಶುರು ಮಾಡೋಣ

ಚಿತ್ರದುರ್ಗದಲ್ಲಿ ಕೂತು ಡೀಸೆಲ್ ಗಟ್ಟಿಯಾಗುವ ಪಾಠ ಯಾಕೆ ಓದಬೇಕು ಅಂತ ನಮ್ಮ ಬ್ಯಾಚಿನಲ್ಲಿ ಸುಮಾರು ಜನ ಕೇಳಿದರು. ಇಲ್ಲಿನ ಚಳಿಗೆ ಹಾಗಾಗುವುದಿಲ್ಲ, ನಿಜ. ಆದರೆ ನಮ್ಮ ಕಡೆಯ ಲಾರಿಗಳು ಈರುಳ್ಳಿ, ದಾಳಿಂಬೆ ಹೇರಿಕೊಂಡು ಉತ್ತರಕ್ಕೂ ಹೋಗುತ್ತವೆ, ಅಲ್ವಾ?

ಜನವರಿ ಬೆಳಗ್ಗೆ ಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಡೀಸೆಲ್ ಒಳಗೂ ಪ್ಯಾರಾಫಿನ್ ಅನ್ನುವ ಮೇಣ ಕರಗಿರುತ್ತದೆ. ಅದು ಕಲಬೆರಕೆಯಲ್ಲ, ಚೆನ್ನಾಗಿ ಉರಿಯುವ ಭಾಗವೇ. ಚಳಿ ಹೆಚ್ಚಿದಾಗ ಅದೇ ಮೇಣ ಹರಳಾಗುತ್ತದೆ.

ಇಲ್ಲಿ ಮೂರು ಹಂತ ನೆನಪಿಡಿ. ಡೀಸೆಲ್ ಮೊದಲ ಸಲ ಮಬ್ಬಾಗುವ ಉಷ್ಣಾಂಶ ಕ್ಲೌಡ್ ಪಾಯಿಂಟ್. ಹರಳುಗಳು ಸೇರಿ ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣಾಂಶ ಸಿಎಫ್‌ಪಿಪಿ (ಕೋಲ್ಡ್ ಫಿಲ್ಟರ್ ಪ್ಲಗ್ಗಿಂಗ್ ಪಾಯಿಂಟ್). ಹರಿಯುವುದೇ ನಿಲ್ಲುವ ಹಂತ ಪೋರ್ ಪಾಯಿಂಟ್. ನನಗೆ ಇದು ತಲೆಗೆ ಹೋಗಿದ್ದು ಗಾಜಿನ ಸೀಸೆಯಲ್ಲಿ ಡೀಸೆಲ್ ಹಾಕಿ, ಉಪ್ಪು ಬೆರೆಸಿದ ಐಸಿನಲ್ಲಿ ಇಟ್ಟು ನೋಡಿದಾಗ. ತಳದಲ್ಲಿ ಮಂಜು ಕವಿದಂತೆ ಕಂಡಿತು. ಆದರೆ ಸೀಸೆ ಓರೆ ಮಾಡಿದರೆ ಇನ್ನೂ ಹರಿಯುತ್ತಿತ್ತು. ಪರೀಕ್ಷೆಗೆ ಇದೇ ಮುಖ್ಯ: ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ಹರಿಯುವಂತೆಯೇ ಇರುವಾಗ ಫಿಲ್ಟರ್ ಕಟ್ಟಿ ಎಂಜಿನ್ ನಿಲ್ಲುತ್ತದೆ.

ನಮ್ಮ ದೇಶದ ಮಾನದಂಡ ಐಎಸ್ 1460ರಲ್ಲಿ ಸಿಎಫ್‌ಪಿಪಿ ಮಿತಿ ಬೇಸಿಗೆಗೆ 18 ಡಿಗ್ರಿ, ಚಳಿಗಾಲಕ್ಕೆ 6 ಡಿಗ್ರಿ. ಲಡಾಖ್‌ಗೆ ಇದು ಎಲ್ಲಿ ಸಾಲುತ್ತದೆ? 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗೆಂದೇ ಬೇರೆ ಡೀಸೆಲ್ ತಂದಿತು. ಅದರ ಪೋರ್ ಪಾಯಿಂಟ್ ಮೈನಸ್ 33.

ಹಾಗಾಗಿ ದುರ್ಗದಲ್ಲೋ ದಾವಣಗೆರೆಯಲ್ಲೋ ತುಂಬಿಸಿದ ಡೀಸೆಲನ್ನೇ ಉಳಿಸಿಕೊಂಡು ಬೆಟ್ಟ ಹತ್ತಬಾರದು. ದಾರಿಯಲ್ಲಿ ಅದನ್ನು ಖರ್ಚು ಮಾಡಿ, ಚಳಿ ಪ್ರದೇಶದ ಬಂಕಿನಲ್ಲಿ ಅಲ್ಲಿನದನ್ನು ತುಂಬಿಸಬೇಕು. ಮೇಣ ತಡೆಯುವ ಅಡಿಟಿವ್ ಹಾಕುವುದಾದರೆ ಡೀಸೆಲ್ ಮಬ್ಬಾಗುವ ಮೊದಲೇ ಹಾಕಬೇಕು. ಆಗಲೇ ಮೂಡಿದ ಹರಳನ್ನು ಅದು ಕರಗಿಸುವುದಿಲ್ಲ. ಇದನ್ನು ತಪ್ಪು ತಿಳಿದವರೇ ಜಾಸ್ತಿ.

ಹಳೆಯ ಚಾಲಕರು ಸೀಮೆಎಣ್ಣೆ ಬೆರೆಸಿ ಅನ್ನುತ್ತಾರೆ. ಹಳೆ ಎಂಜಿನ್‌ಗಳ ಕಾಲದ ಮಾತು ಅದು. ಸೀಮೆಎಣ್ಣೆಗೆ ಜಾರುಗುಣ ಕಡಿಮೆ, ಹೊಸ ಎಂಜಿನ್‌ಗಳಲ್ಲಿ ಡೀಸೆಲನ್ನು ಭಾರೀ ಒತ್ತಡದಲ್ಲಿ ತಳ್ಳುವ ಕಾಮನ್ ರೈಲ್ ಪಂಪು ಸವೆಯುತ್ತದೆ. ಬಿಎಸ್ 6 (ನಮ್ಮ ದೇಶದ ಹೊಗೆ ಮಿತಿಯ ಮಾನದಂಡ) ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 10 ಭಾಗ, ಮೀರುವಂತಿಲ್ಲ, ಸೀಮೆಎಣ್ಣೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಹೊಗೆ ಶುದ್ಧಿ ಮಾಡುವ ಭಾಗಗಳು ಹಾಳಾಗುತ್ತವೆ. ಪೆಟ್ರೋಲ್ ಬೆರೆಸುವುದು, ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದು ಬೇಡವೇ ಬೇಡ. ಪ್ರಾಣಕ್ಕೇ ಕುತ್ತು.

ಇನ್ನು ನಮ್ಮೂರಿನ ಚಳಿಗೆ ಬರುವ ತೊಂದರೆ ನೀರು. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಹನಿಯಾಗಿ ತಳ ಸೇರುತ್ತದೆ. ನೀರು ಡೀಸೆಲ್‌ಗಿಂತ ಭಾರ. ಅವೆರಡೂ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆ ಕಟ್ಟುತ್ತದೆ. ಮೆಕ್ಕೆಜೋಳದ ಸುಗ್ಗಿ ಮುಗಿಸಿ ಟ್ರ್ಯಾಕ್ಟರ್ ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕ್ ತುಂಬಿಸಿಯೇ ನಿಲ್ಲಿಸಲಿ. ಮತ್ತೆ ಶುರು ಮಾಡುವ ಮೊದಲು ಫಿಲ್ಟರ್ ಕೆಳಗಿನ ಡ್ರೈನ್ ಪ್ಲಗ್ ಸಡಿಲಿಸಿ, ಕೆಳಗೆ ಡಬ್ಬಿ ಹಿಡಿದು, ನೀರು ಹೋಗಿ ಬರೀ ಡೀಸೆಲ್ ಬರುವವರೆಗೆ ಬಿಡಬೇಕು. ಆಮೇಲೆ ಪ್ಲಗ್ ಬಿಗಿ ಮಾಡಿ, ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತುವ ಚಿಕ್ಕ ಪಂಪು) ಒತ್ತಿ ಗಾಳಿ ತೆಗೆಯಬೇಕು.